ಹಳೆಯ ಗಣಕಯಂತ್ರ, ಹೊಸ ಸ್ಥಾಪನೆ: ಪರವಾನಗಿ ಕೀಲಿಯ ಬಗ್ಗೆ ಉದ್ಯಮಿಗಳು ತಿಳಿದಿರಬೇಕಾದುದು

ವ್ಯಾಪಾರ ಮಳಿಗೆಯೇ ಇರಲಿ, ಸಣ್ಣ ಕೈಗಾರಿಕಾ ಘಟಕವೇ ಇರಲಿ, ಲೆಕ್ಕಪತ್ರ, ಬಿಲ್ಲು, ದಾಸ್ತಾನು, ಜಿ.ಎಸ್.ಟಿ. ರಿಟರ್ನ್ ಎಲ್ಲವೂ ಇಂದು ಗಣಕಯಂತ್ರವನ್ನು ಅವಲಂಬಿಸಿವೆ. ಲೇತ್ ಯಂತ್ರಕ್ಕೆ ಎಣ್ಣೆ ಹಾಕುವ ದಿನ, ತೂಕದ ಯಂತ್ರಕ್ಕೆ ಮುದ್ರೆ ಹಾಕಿಸುವ ದಿನ, ಅಂಗಡಿಯ ಪರವಾನಗಿ ನವೀಕರಿಸುವ ದಿನ ಮಾಲೀಕರಿಗೆ ನೆನಪಿರುತ್ತವೆ. ಗಣಕಯಂತ್ರದಲ್ಲಿರುವ ತಂತ್ರಾಂಶದ ಪರವಾನಗಿ ಪತ್ರ ಎಲ್ಲಿದೆ ಎಂಬ ಪ್ರಶ್ನೆ ಮಾತ್ರ ಅದು ಕೆಟ್ಟು ನಿಂತ ದಿನವೇ ಏಳುತ್ತದೆ.

ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಅಥವಾ ವೈರಸ್ ಹೊಕ್ಕಾಗ ದುರಸ್ತಿಯವರು ಹೇಳುವ ಪರಿಹಾರ ಒಂದೇ: ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು. ಸ್ಥಾಪನೆಯ ನಡುವೆ ಪರದೆಯ ಮೇಲೆ 25 ಅಕ್ಷರಗಳ ಕೀಲಿಯನ್ನು ಕೇಳಿದಾಗ ಕಚೇರಿಯಲ್ಲಿ ಹುಡುಕಾಟ ಆರಂಭವಾಗುತ್ತದೆ. ಗಣಕಯಂತ್ರದ ಬದಿಯ ಸ್ಟಿಕರ್ ಮಾಸಿರುತ್ತದೆ, ಡಬ್ಬವನ್ನು ಗುಜರಿಗೆ ಹಾಕಿರುತ್ತಾರೆ, ಬಿಲ್ಲು ಹಳೆಯ ಕಡತದ ಮೂಟೆಯಲ್ಲಿರುತ್ತದೆ. ದುರಸ್ತಿಯವರು ತಮ್ಮ ಚೀಲದಲ್ಲಿರುವ ಯಾವುದೋ ಕೀಲಿಯನ್ನು ಹಾಕಿ ಕೆಲಸ ಮುಗಿಸುತ್ತಾರೆ. ಹೀಗೆ, ಹಣ ಕೊಟ್ಟು ನ್ಯಾಯವಾಗಿ ಖರೀದಿಸಿದ ಪರವಾನಗಿ ಇದ್ದರೂ ಆ ಉದ್ಯಮಿ ಕಳ್ಳಪ್ರತಿಯ ಬಳಕೆದಾರನ ಸಾಲಿಗೆ ಸೇರುತ್ತಾನೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿದ ಮೇಲೆ ಹಳೆಯ ಗಣಕಯಂತ್ರಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಹುತೇಕ ಎಲ್ಲ ಕಚೇರಿಗಳನ್ನೂ ತಲುಪಿದೆ. ಈ ಸಂದರ್ಭದಲ್ಲಿ ಪರವಾನಗಿ ಕೀಲಿಯ ಸ್ವರೂಪವನ್ನು ಸರಿಯಾಗಿ ಅರಿಯುವುದು ಅವಶ್ಯಕ.

ಕೀಲಿ ಬೇರೆ, ಪರವಾನಗಿ ಬೇರೆ

ಮೊದಲು ಸ್ಪಷ್ಟವಾಗಬೇಕಾದ ವಿಷಯವೆಂದರೆ, 25 ಅಕ್ಷರಗಳ ಕೀಲಿಯೇ ಪರವಾನಗಿಯಲ್ಲ. ಗೋದಾಮಿನ ಬೀಗದ ಕೈ ಯಾರ ಬಳಿ ಇದೆಯೋ ಅವರೇ ಗೋದಾಮಿನ ಒಡೆಯರಾಗುವುದಿಲ್ಲ. ಒಡೆತನಕ್ಕೆ ಕ್ರಯಪತ್ರ ಬೇಕು. ತಂತ್ರಾಂಶಕ್ಕೂ ಇದೇ ನಿಯಮ. ಪರವಾನಗಿ ಎಂಬುದು ನಿರ್ದಿಷ್ಟ ಷರತ್ತುಗಳಿಗೆ ಒಳಪಟ್ಟು ತಂತ್ರಾಂಶವನ್ನು ಬಳಸಲು ದೊರೆತ ಹಕ್ಕು. ಬಿಲ್ಲು, ಅಸಲಿತನದ ಪ್ರಮಾಣಪತ್ರ, ಒಪ್ಪಂದದ ಷರತ್ತುಗಳು ಇವು ಆ ಹಕ್ಕಿನ ದಾಖಲೆಗಳು. ಕೀಲಿಯು ಸ್ಥಾಪನೆಯನ್ನು ತೆರೆಯುವ ಸಾಧನ ಮಾತ್ರ.

ನ್ಯಾಯಾಲಯಗಳೂ ಈ ವ್ಯತ್ಯಾಸವನ್ನು ಪರಿಶೀಲಿಸಿವೆ. ಸಿ.ಡಿ.ಯಂತಹ ಮಾಧ್ಯಮದಲ್ಲಿ ಮಾರಾಟವಾಗುವ ಸಿದ್ಧ ತಂತ್ರಾಂಶವು ಮಾರಾಟ ತೆರಿಗೆಯ ದೃಷ್ಟಿಯಲ್ಲಿ ಸರಕು ಎಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪಿನ ವಿರುದ್ಧದ ಮೇಲ್ಮನವಿಗಳೂ ಸೇರಿದಂತೆ ಹಲವು ಪ್ರಕರಣಗಳನ್ನು ಒಟ್ಟಿಗೆ ತೀರ್ಮಾನಿಸಿದ 2021ರ ಮಾರ್ಚ್ 2ರ ತೀರ್ಪಿನಲ್ಲಿ, ತಂತ್ರಾಂಶವನ್ನು ಕೊಂಡ ಅಂತಿಮ ಬಳಕೆದಾರನಿಗೆ ದೊರೆಯುವುದು ಬಳಸುವ ಹಕ್ಕೇ ಹೊರತು ಕೃತಿಸ್ವಾಮ್ಯದ ಹಕ್ಕಲ್ಲ ಎಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಬಳಸುವ ಹಕ್ಕು ಎಂದ ಮೇಲೆ ಯಾವ ಯಂತ್ರದಲ್ಲಿ, ಎಷ್ಟು ಯಂತ್ರಗಳಲ್ಲಿ ಎಂಬ ಷರತ್ತು ಬಂದೇ ಬರುತ್ತದೆ.

ಮೂರು ಬಗೆಯ ಪರವಾನಗಿಗಳು

ವಿಂಡೋಸ್ ಪರವಾನಗಿಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮರುಸ್ಥಾಪನೆಯ ಸಮಯದಲ್ಲಿ ಬರುವ ತೊಡಕುಗಳಲ್ಲಿ ಹೆಚ್ಚಿನವು ಈ ಬಗೆಗಳನ್ನು ಗುರುತಿಸದಿರುವುದರಿಂದಲೇ ಹುಟ್ಟುತ್ತವೆ.

ಮೊದಲನೆಯದು ಒ.ಇ.ಎಂ. ಪರವಾನಗಿ. ಹೊಸ ಗಣಕಯಂತ್ರದ ಜೊತೆಗೇ ಬರುವ ಇದರ ಬೆಲೆ ಕಡಿಮೆ. ಆದರೆ ಇದು ಮೊದಲು ಸ್ಥಾಪನೆಯಾದ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಆ ಯಂತ್ರವನ್ನು ಮಾರಿದರೆ ಪರವಾನಗಿಯೂ ಅದರೊಡನೆ ಹೋಗುತ್ತದೆ, ಯಂತ್ರ ಗುಜರಿ ಸೇರಿದರೆ ಪರವಾನಗಿಯೂ ಕೊನೆಗೊಳ್ಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಗಣಕಯಂತ್ರಕ್ಕೂ ಒ.ಇ.ಎಂ. ಪರವಾನಗಿ ದೊರೆಯುತ್ತದೆ. ಸ್ಟಿಕರ್ ಕೊಡುತ್ತಿದ್ದ ಆವೃತ್ತಿಗಳಲ್ಲಿ ಅದನ್ನು ಕ್ಯಾಬಿನೆಟ್ಟಿನ ಮೇಲೆ ಅಂಟಿಸಿಕೊಡುವುದು ಜೋಡಿಸಿದವರ ಹೊಣೆಯಾಗಿತ್ತು.

ಎರಡನೆಯದು ಚಿಲ್ಲರೆ ಪರವಾನಗಿ, ಅಂದರೆ ಡಬ್ಬದಲ್ಲಿ ಪ್ರತ್ಯೇಕವಾಗಿ ಮಾರಾಟವಾಗುವಂಥದು. ಇದರ ಬೆಲೆ ಹೆಚ್ಚು. ಹಳೆಯ ಯಂತ್ರದಿಂದ ತೆಗೆದು ಹೊಸ ಯಂತ್ರಕ್ಕೆ ಹಾಕಿಕೊಳ್ಳಲು ಅವಕಾಶವುಂಟು. ಆದರೆ ಒಂದು ಸಮಯದಲ್ಲಿ ಒಂದೇ ಯಂತ್ರದಲ್ಲಿರಬೇಕು.

ಮೂರನೆಯದು ಸಗಟು ಪರವಾನಗಿ. ಹಲವು ಯಂತ್ರಗಳಿರುವ ಸಂಸ್ಥೆಗಳು ಒಂದೇ ಒಪ್ಪಂದದಡಿ ಪಡೆಯುವ ಪರವಾನಗಿ ಇದು. ಸಗಟು ಒಪ್ಪಂದದಡಿ ದೊರೆಯುವ ವಿಂಡೋಸ್ ಪರವಾನಗಿಯು ಮೇಲ್ದರ್ಜೆಗೇರಿಸುವ ಪರವಾನಗಿ ಮಾತ್ರ. ಯಂತ್ರಕ್ಕೆ ಮೂಲದಲ್ಲಿ ಒಂದು ಪೂರ್ಣ ಪರವಾನಗಿ ಇರಲೇಬೇಕು ಎಂಬುದು ಅನೇಕರಿಗೆ ತಿಳಿದಿಲ್ಲ. ಏನೂ ಇಲ್ಲದೆ ತಂದ ಯಂತ್ರಗಳಿಗೆ ಸಗಟು ಕೀಲಿಯೊಂದನ್ನೇ ಹಾಕಿದರೆ ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಂಡರೂ ಕಡತದಲ್ಲಿ ಕೊರತೆ ಉಳಿಯುತ್ತದೆ.

ಯಂತ್ರದಲ್ಲಿ ಯಾವ ಬಗೆಯದು ಇದೆ ಎಂಬುದನ್ನು ಪತ್ತೆ ಮಾಡುವುದು ಕಷ್ಟವಲ್ಲ. ವಿಸ್ತಾ ಮತ್ತು ನಂತರದ ಆವೃತ್ತಿಗಳಲ್ಲಿ ಕಮಾಂಡ್ ಕಿಟಕಿಯನ್ನು ತೆರೆದು ಎಸ್‌ಎಲ್‌ಎಂಜಿಆರ್ ಎಂಬ ಆದೇಶವನ್ನು ಡಿಎಲ್‌ಐ ಎಂಬ ಸೂಚಕದೊಂದಿಗೆ ಕೊಡುವಂತೆ ದುರಸ್ತಿಯವರಿಗೆ ಹೇಳಿದರೆ ಸಾಕು. ಪರವಾನಗಿಯ ಬಗೆ, ಕೀಲಿಯ ಕೊನೆಯ 5 ಅಕ್ಷರಗಳು ಮತ್ತು ಸದ್ಯದ ಸ್ಥಿತಿ ಪರದೆಯ ಮೇಲೆ ಬರುತ್ತವೆ. ಎಕ್ಸ್‌ಪಿ ಇರುವ ಯಂತ್ರದಲ್ಲಿ ಸಿಸ್ಟಂ ಗುಣವಿವರದ ಪುಟದಲ್ಲಿ ಕಾಣುವ ಉತ್ಪನ್ನ ಸಂಖ್ಯೆಯ ಮಧ್ಯದಲ್ಲಿ ಒ.ಇ.ಎಂ. ಎಂಬ ಅಕ್ಷರಗಳಿದ್ದರೆ ಅದು ಯಂತ್ರದ ಜೊತೆ ಬಂದ ಪರವಾನಗಿ ಎಂದು ತಿಳಿಯಬಹುದು.

ಎಕ್ಸ್‌ಪಿ ತಂದ ಬದಲಾವಣೆ

2001ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ಎಕ್ಸ್‌ಪಿ ಆವೃತ್ತಿಯವರೆಗೆ ಕೀಲಿ ಹಾಕಿದರೆ ಕೆಲಸ ಮುಗಿಯುತ್ತಿತ್ತು. ವಿಂಡೋಸ್ 98ರ ಒಂದೇ ಕೀಲಿಯಿಂದ ಇಡೀ ಬೀದಿಯ ಗಣಕಯಂತ್ರಗಳು ನಡೆದದ್ದೂ ಉಂಟು. ಎಕ್ಸ್‌ಪಿ ಇದಕ್ಕೆ ಆ್ಯಕ್ಟಿವೇಶನ್ ಎಂಬ ಎರಡನೆಯ ಬೀಗವನ್ನು ಸೇರಿಸಿತು. ಸ್ಥಾಪನೆಯಾದ 30 ದಿನಗಳೊಳಗೆ ಅಂತರಜಾಲದ ಮೂಲಕವೋ ದೂರವಾಣಿಯ ಮೂಲಕವೋ ಸಂಸ್ಥೆಯ ಬಳಿ ದಾಖಲಿಸದಿದ್ದರೆ ಯಂತ್ರದೊಳಗೆ ಪ್ರವೇಶವೇ ಇರುತ್ತಿರಲಿಲ್ಲ.

ಈ ದಾಖಲೆಯಲ್ಲಿ ಯಂತ್ರದ ಗುರುತೂ ಸೇರುತ್ತದೆ. ಸಂಸ್ಕಾರಕ, ಹಾರ್ಡ್ ಡಿಸ್ಕ್, ಜಾಲ ಕಾರ್ಡ್, ಚಿತ್ರ ಕಾರ್ಡ್, ಸ್ಮೃತಿಯ ಪ್ರಮಾಣ, ಸಿ.ಡಿ. ಚಾಲಕ ಮೊದಲಾದ 10 ಅಂಶಗಳಿಂದ ಎಕ್ಸ್‌ಪಿ ಒಂದು ಗುರುತಿನ ಸಂಖ್ಯೆಯನ್ನು ರಚಿಸುತ್ತಿತ್ತು. ಒಂದೆರಡು ಭಾಗ ಬದಲಾದರೆ ತೊಂದರೆಯಿಲ್ಲ. ಹಲವು ಭಾಗಗಳು ಬದಲಾದರೆ ಇದು ಬೇರೆ ಯಂತ್ರವೆಂದು ಭಾವಿಸಿ ಮತ್ತೆ ಆ್ಯಕ್ಟಿವೇಶನ್ ಕೇಳುತ್ತಿತ್ತು. ಯಂತ್ರಾಂಶ ಬದಲಾಗದಿದ್ದರೆ ಅದೇ ಕೀಲಿಯಿಂದ ಮರುಸ್ಥಾಪನೆ ಮಾಡಲು ಅಡ್ಡಿಯಿರಲಿಲ್ಲ.

ಎಕ್ಸ್‌ಪಿ ಕಾಲದ ಮತ್ತೊಂದು ತೊಡಕು ಸಿ.ಡಿ.ಗೆ ಸಂಬಂಧಿಸಿದ್ದು. ಒ.ಇ.ಎಂ. ಕೀಲಿಯನ್ನು ಚಿಲ್ಲರೆ ಸಿ.ಡಿ. ಒಪ್ಪುವುದಿಲ್ಲ, ಹೋಮ್ ಆವೃತ್ತಿಯ ಕೀಲಿಯನ್ನು ಪ್ರೊಫೆಷನಲ್ ಸಿ.ಡಿ. ಒಪ್ಪುವುದಿಲ್ಲ. ಕೀಲಿ ಅಸಲಿಯಾಗಿದ್ದರೂ ಪರದೆಯಲ್ಲಿ ಕೀಲಿ ತಪ್ಪು ಎಂದೇ ಬರುತ್ತದೆ. ಹೀಗಾಗಿ ಎಷ್ಟೋ ಮಂದಿ ತಮ್ಮ ಬಳಿಯಿದ್ದ ನಿಜವಾದ ಕೀಲಿಯನ್ನು ನಿರುಪಯುಕ್ತವೆಂದು ಬದಿಗಿಟ್ಟರು. ಇದರ ಜೊತೆಗೆ, ದೊಡ್ಡ ತಯಾರಕರ ಯಂತ್ರಗಳ ಮೇಲಿನ ಸ್ಟಿಕರ್ ಕೀಲಿಗಳಿಗೆ ಅಂತರಜಾಲದ ಆ್ಯಕ್ಟಿವೇಶನ್ ಸೌಲಭ್ಯವನ್ನು 2005ರಲ್ಲಿ ಮೈಕ್ರೋಸಾಫ್ಟ್ ನಿಲ್ಲಿಸಿತು. ಆ ಕೀಲಿ ಬಳಸುವವರು ದೂರವಾಣಿಯಲ್ಲಿ ವಿವರ ಹೇಳಿ ದೃಢೀಕರಣ ಸಂಖ್ಯೆಯನ್ನು ಪಡೆಯಬೇಕಾಯಿತು. ಕದ್ದ ಸ್ಟಿಕರ್‌ಗಳ ವ್ಯಾಪಾರವನ್ನು ತಡೆಯುವುದು ಇದರ ಉದ್ದೇಶವಾಗಿತ್ತು.

ಮಾಸಿದ ಸ್ಟಿಕರ್ ಓದುವ ಬಗೆ

ವಿಂಡೋಸ್ 7ರವರೆಗಿನ ಯಂತ್ರಗಳಲ್ಲಿ ಕೀಲಿ ಇರುವುದು ಸ್ಟಿಕರ್ ಮೇಲೆ. ಮೇಜಿನ ಗಣಕಯಂತ್ರವಾದರೆ ಕ್ಯಾಬಿನೆಟ್ಟಿನ ಬದಿ ಅಥವಾ ಹಿಂಬದಿ, ಲ್ಯಾಪ್‌ಟಾಪ್ ಆದರೆ ಕೆಳಗೆ ಅಥವಾ ಬ್ಯಾಟರಿಯ ಗೂಡಿನೊಳಗೆ ಅದನ್ನು ಅಂಟಿಸಿರುತ್ತಾರೆ. ಬೆವರು, ಧೂಳು, ಒರೆಸುವ ಬಟ್ಟೆ ಇವುಗಳಿಂದ ಅಕ್ಷರಗಳು ಅಳಿಸಿಹೋಗುವುದು ಸಾಮಾನ್ಯ.

ಓದಲು ಕಷ್ಟವಾದಾಗ ಒಂದು ಸಂಗತಿ ನೆರವಾಗುತ್ತದೆ. ಆ ಕಾಲದ ವಿಂಡೋಸ್ ಕೀಲಿಗಳಲ್ಲಿ ಬಳಕೆಯಾದದ್ದು 24 ಚಿಹ್ನೆಗಳು ಮಾತ್ರ. ಇಂಗ್ಲಿಷಿನ ಐದು ಸ್ವರಾಕ್ಷರಗಳು ಅವುಗಳಲ್ಲಿಲ್ಲ. ಎಲ್, ಎನ್, ಎಸ್, ಝಡ್ ಅಕ್ಷರಗಳೂ 0, 1, 5 ಅಂಕಿಗಳೂ ಇಲ್ಲ. ಆದ್ದರಿಂದ ಸೊನ್ನೆಯಂತೆ ಕಾಣುವುದು ಕ್ಯೂ ಅಥವಾ ಡಿ ಇರಬಹುದು. ಬಿ ಮತ್ತು 8, ಜಿ ಮತ್ತು 6 ಇವು ಮಾತ್ರ ಎರಡೂ ಬರುವ ಜೋಡಿಗಳಾದುದರಿಂದ ಅಲ್ಲಿ ಎಚ್ಚರ ಬೇಕು. ಸ್ಟಿಕರ್ ಇನ್ನೂ ಓದುವಂತಿರುವಾಗಲೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟು, ಕೀಲಿಯನ್ನು ಬರೆದು, ಸ್ಟಿಕರ್ ಮೇಲೆ ಪಾರದರ್ಶಕ ಟೇಪನ್ನು ಅಂಟಿಸುವುದು ಮುಂದಿನ ದಿನಗಳಿಗೆ ಅತ್ಯಂತ ಅಗ್ಗದ ವಿಮೆ.

ಇಲ್ಲಿ ಇನ್ನೊಂದು ಗೊಂದಲವನ್ನು ನಿವಾರಿಸಬೇಕು. ಹೆಸರಾಂತ ತಯಾರಕರ ವಿಂಡೋಸ್ 7 ಯಂತ್ರದಲ್ಲಿ ಕೀಲಿ ಹುಡುಕುವ ತಂತ್ರಾಂಶವನ್ನು ನಡೆಸಿದರೆ ಸ್ಟಿಕರ್‌ಗಿಂತ ಬೇರೆಯದೇ ಕೀಲಿ ಕಾಣಿಸುತ್ತದೆ. ಇದರಿಂದ ಮೋಸವಾಗಿದೆ ಎಂದು ಭಾವಿಸಬೇಕಾಗಿಲ್ಲ. ತಯಾರಕರು ಕಾರ್ಖಾನೆಯಲ್ಲಿ ಸಾವಿರಾರು ಯಂತ್ರಗಳಿಗೆ ಒಂದೇ ಸಾಮಾನ್ಯ ಕೀಲಿ ಹಾಕಿ, ಬಯೋಸ್‌ನಲ್ಲಿರುವ ಗುರುತಿನೊಂದಿಗೆ ಅದನ್ನು ಜೋಡಿಸಿರುತ್ತಾರೆ. ತಯಾರಕರ ರಿಕವರಿ ಡಿಸ್ಕ್ ಬಳಸಿದರೆ ಆ ಜೋಡಣೆ ತಾನಾಗಿ ಕೆಲಸ ಮಾಡುತ್ತದೆ. ಬೇರೆ ಡಿಸ್ಕ್ ಬಳಸಿ ಸ್ಥಾಪಿಸಿದಾಗ ಸ್ಟಿಕರಿನ ಕೀಲಿಯನ್ನು ಹಾಕಬೇಕು. ಹಳೆಯ ಸ್ಥಾಪನೆಯಿಂದ ಹುಡುಕಿ ತೆಗೆದ ಸಾಮಾನ್ಯ ಕೀಲಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ರಿಕವರಿ ಡಿಸ್ಕಿನ ಮಾತು ಬಂದಾಗ ಹೇಳಬೇಕಾದ ಸಂಗತಿ ಇನ್ನೊಂದಿದೆ. ಅನೇಕ ತಯಾರಕರು ಕ್ರಮೇಣ ಸಿ.ಡಿ. ಕೊಡುವುದನ್ನು ನಿಲ್ಲಿಸಿ, ಹಾರ್ಡ್ ಡಿಸ್ಕಿನಲ್ಲೇ ಒಂದು ಮರೆಯಾದ ಭಾಗದಲ್ಲಿ ಮೂಲಪ್ರತಿ ಇಟ್ಟರು. ಹಾರ್ಡ್ ಡಿಸ್ಕೇ ಸುಟ್ಟರೆ ಮೂಲಪ್ರತಿಯೂ ಹೋಯಿತು. ಯಂತ್ರ ಕೊಂಡ ವಾರದಲ್ಲೇ ಡಿ.ವಿ.ಡಿ. ಅಥವಾ ಪೆನ್ ಡ್ರೈವ್‌ಗೆ ರಿಕವರಿ ಪ್ರತಿ ಮಾಡಿಕೊಂಡವರಿಗೆ ಮಾತ್ರ ನೆಮ್ಮದಿ.

ಮದರ್‌ಬೋರ್ಡಿನೊಳಗಿನ ಕೀಲಿ

2012ರಲ್ಲಿ ವಿಂಡೋಸ್ 8 ಬಂದ ಮೇಲೆ ತಯಾರಕರ ಯಂತ್ರಗಳಲ್ಲಿ ಕೀಲಿಯ ಸ್ಟಿಕರ್ ಕಾಣೆಯಾಯಿತು. ಕೀಲಿಯನ್ನು ಮದರ್‌ಬೋರ್ಡಿನ ಸ್ಥಿರ ಸ್ಮೃತಿಯಲ್ಲೇ ಬರೆದಿಡುವ ಪದ್ಧತಿ ಆರಂಭವಾಯಿತು. ಅದೇ ಆವೃತ್ತಿಯನ್ನು ಮರುಸ್ಥಾಪಿಸುವಾಗ ಸ್ಥಾಪನಾ ತಂತ್ರಾಂಶವು ಕೀಲಿಯನ್ನು ತಾನೇ ಓದಿಕೊಳ್ಳುತ್ತದೆ. ಬಳಕೆದಾರನಿಗೆ ಅದನ್ನು ಕೇಳುವುದೇ ಇಲ್ಲ.

2015ರ ಜುಲೈ 29ರಂದು ಬಂದ ವಿಂಡೋಸ್ 10 ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿಂಡೋಸ್ 7 ಅಥವಾ 8.1 ಇದ್ದ ಯಂತ್ರವನ್ನು ಉಚಿತವಾಗಿ ಮೇಲ್ದರ್ಜೆಗೇರಿಸಿಕೊಂಡವರಿಗೆ ಹೊಸ ಕೀಲಿಯನ್ನು ಕೊಡಲೇ ಇಲ್ಲ. ಆ ಯಂತ್ರದ ಗುರುತು ಸಂಸ್ಥೆಯ ಸರ್ವರಿನಲ್ಲಿ ಡಿಜಿಟಲ್ ಪರವಾನಗಿಯಾಗಿ ದಾಖಲಾಯಿತು. ಇಂತಹ ಯಂತ್ರಕ್ಕೆ ಮರುಸ್ಥಾಪನೆ ಮಾಡುವಾಗ ತನ್ನ ಬಳಿ ಕೀಲಿ ಇಲ್ಲ ಎಂಬ ಆಯ್ಕೆಯನ್ನು ಒತ್ತಿ, ಮೊದಲಿದ್ದ ಆವೃತ್ತಿಯನ್ನೇ, ಅಂದರೆ ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ, ಆರಿಸಿಕೊಂಡು ಮುಂದುವರಿಯಬೇಕು. ಅಂತರಜಾಲ ಸಂಪರ್ಕ ಸಿಕ್ಕಿದೊಡನೆ ಯಂತ್ರ ತಾನಾಗಿ ಸಕ್ರಿಯಗೊಳ್ಳುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಹಾಕಿದರೂ ಮದರ್‌ಬೋರ್ಡ್ ಅದೇ ಆಗಿದ್ದರೆ ಪರವಾನಗಿಗೆ ಧಕ್ಕೆಯಿಲ್ಲ.

ಹಳೆಯ ವಿಂಡೋಸ್ 7 ಕೀಲಿಯಿಂದ ವಿಂಡೋಸ್ 10 ಅನ್ನು ಸಕ್ರಿಯಗೊಳಿಸುವ ದಾರಿಯೂ ಬಹುಕಾಲ ತೆರೆದಿತ್ತು. ಉಚಿತ ಅವಧಿ 2016ರ ಜುಲೈ 29ಕ್ಕೇ ಮುಗಿದಿದ್ದರೂ ಕೀಲಿಗಳು ಕೆಲಸ ಮಾಡುತ್ತಲೇ ಇದ್ದವು. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆ ದಾರಿಯನ್ನು ಮುಚ್ಚಿರುವುದಾಗಿ ಪ್ರಕಟಿಸಿತು. ಅದಕ್ಕೂ ಮೊದಲು ದಾಖಲಾದ ಡಿಜಿಟಲ್ ಪರವಾನಗಿಗಳು ಮಾತ್ರ ಊರ್ಜಿತ. ಆದ್ದರಿಂದ ಹಳೆಯ ಸಲಹೆಗಳನ್ನು ನಂಬಿ ವಿಂಡೋಸ್ 7ರ ಕೀಲಿಯ ಭರವಸೆಯ ಮೇಲೆ ಹೊಸ ಸ್ಥಾಪನೆಗೆ ಕೈಹಾಕುವುದು ಜಾಣತನವಲ್ಲ.

ಮದರ್‌ಬೋರ್ಡ್ ಬದಲಾದರೆ ಪ್ರಶ್ನೆ ಜಟಿಲವಾಗುತ್ತದೆ. ಒ.ಇ.ಎಂ. ಪರವಾನಗಿಯ ಲೆಕ್ಕದಲ್ಲಿ ಮದರ್‌ಬೋರ್ಡೇ ಯಂತ್ರದ ಪ್ರಾಣ. ಕೆಟ್ಟ ಬೋರ್ಡನ್ನು ತಯಾರಕರೇ ಅದೇ ಮಾದರಿಯ ಅಥವಾ ಸಮಾನವಾದ ಬೋರ್ಡಿನಿಂದ ಬದಲಿಸಿಕೊಟ್ಟರೆ ಪರವಾನಗಿ ಮುಂದುವರಿಯುತ್ತದೆ. ವೇಗ ಹೆಚ್ಚಿಸಲೆಂದು ಮಾಲೀಕರೇ ಹೊಸ ಬೋರ್ಡನ್ನು ಹಾಕಿಸಿದರೆ ಅದು ಹೊಸ ಯಂತ್ರವೆನಿಸಿ ಹೊಸ ಪರವಾನಗಿ ಬೇಕಾಗುತ್ತದೆ. ಚಿಲ್ಲರೆ ಪರವಾನಗಿ ಹೊಂದಿದವರಿಗೆ ಈ ನಿರ್ಬಂಧವಿಲ್ಲ. 2016ರ ಆಗಸ್ಟ್‌ನಲ್ಲಿ ಬಂದ ಪರಿಷ್ಕರಣೆಯ ನಂತರ ಡಿಜಿಟಲ್ ಪರವಾನಗಿಯನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಜೋಡಿಸಿಡುವ ಸೌಲಭ್ಯವಿದೆ. ಯಂತ್ರಾಂಶ ಬದಲಾದಾಗ ಅಂಥವರಿಗೆ ಮರುಸಕ್ರಿಯಗೊಳಿಸುವುದು ಸುಲಭ.

ಟ್ಯಾಲಿ, ಡಾಂಗಲ್ ಮತ್ತು ಡಿಜಿಟಲ್ ಸಹಿ

ವರ್ತಕರ ಪಾಲಿಗೆ ವಿಂಡೋಸ್‌ಗಿಂತ ಹೆಚ್ಚು ಆತಂಕ ತರುವುದು ಅದರೊಳಗೆ ನಡೆಯುವ ಲೆಕ್ಕಪತ್ರ ತಂತ್ರಾಂಶ. ಬೆಂಗಳೂರಿನಲ್ಲಿಯೇ ನೆಲೆಸಿರುವ ಟ್ಯಾಲಿ ಸಂಸ್ಥೆಯ ತಂತ್ರಾಂಶ ರಾಜ್ಯದ ಸಾವಿರಾರು ಅಂಗಡಿಗಳಲ್ಲಿದೆ. ಅದರ ಪರವಾನಗಿಯೂ ಯಂತ್ರಕ್ಕೆ ಬೆಸೆದುಕೊಂಡಿರುತ್ತದೆ. ಫಾರ್ಮ್ಯಾಟ್ ಮಾಡುವ ಮುನ್ನ ಪರವಾನಗಿಯನ್ನು ಒಪ್ಪಿಸುವ, ಅಂದರೆ ಸರೆಂಡರ್ ಮಾಡುವ ಆಯ್ಕೆ ತಂತ್ರಾಂಶದೊಳಗೇ ಇದೆ. ಹೊಸ ಸ್ಥಾಪನೆಯಾದ ಮೇಲೆ ನೋಂದಾಯಿತ ಇ-ಮೇಲ್ ಗುರುತು ಹಾಗೂ ಗುಪ್ತಪದ ಕೊಟ್ಟು ಅದನ್ನು ಮರಳಿ ಸಕ್ರಿಯಗೊಳಿಸಿಕೊಳ್ಳಬೇಕು.

ತೊಡಕು ಹುಟ್ಟುವುದು ಆ ಇ-ಮೇಲ್ ಯಾರದು ಎಂಬಲ್ಲಿ. ಹತ್ತು ವರ್ಷಗಳ ಹಿಂದೆ ಕೆಲಸ ಬಿಟ್ಟ ಗುಮಾಸ್ತರದೋ ಮಾರಾಟ ಪ್ರತಿನಿಧಿಯದೋ ವಿಳಾಸದಲ್ಲಿ ಪರವಾನಗಿ ನೋಂದಾಯಿತವಾಗಿರುವ ಸಂದರ್ಭಗಳಿವೆ. ಸಂಸ್ಥೆಯ ಹೆಸರಿನ, ಮಾಲೀಕರ ಹಿಡಿತದಲ್ಲಿರುವ ಇ-ಮೇಲ್‌ಗೆ ಅದನ್ನು ಬದಲಿಸಿಕೊಳ್ಳುವುದು ಫಾರ್ಮ್ಯಾಟ್‌ಗೆ ಮುಂಚೆ ಮಾಡಬೇಕಾದ ಕೆಲಸ. ಪರವಾನಗಿ ಮರಳದಿದ್ದರೆ ತಂತ್ರಾಂಶವು ಕಲಿಕಾ ವಿಧಾನದಲ್ಲಿ ಮಾತ್ರ ನಡೆಯುತ್ತದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖುಗಳ ವೋಚರ್‌ಗಳನ್ನಷ್ಟೇ ದಾಖಲಿಸಲು ಸಾಧ್ಯ. ರಿಟರ್ನ್ ಸಲ್ಲಿಕೆಯ ಗಡುವು ಎದುರಿಗಿರುವಾಗ ಇದು ಕೈಕಟ್ಟಿದಂತೆಯೇ ಸರಿ.

ಡಿಜಿಟಲ್ ಸಹಿಯ ವಿಷಯದಲ್ಲಿ ಭಯಕ್ಕೆ ಕಾರಣವಿಲ್ಲ. ಸಹಿ ಪ್ರಮಾಣಪತ್ರ ಇರುವುದು ಯು.ಎಸ್.ಬಿ. ಟೋಕನ್‌ನಲ್ಲಿ, ಯಂತ್ರಕ್ಕೆ ಟೋಕನ್‌ನ ಚಾಲಕ ತಂತ್ರಾಂಶವನ್ನು ಮತ್ತೆ ಹಾಕಿದರೆ ಸಾಕು. ಗುಪ್ತಪದವನ್ನು ಊಹಿಸಿ ಹಲವು ಬಾರಿ ತಪ್ಪಾಗಿ ಒತ್ತಿದರೆ ಟೋಕನ್ ಬಂದ್ ಆಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಹಾಗೆಯೇ, ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಪತ್ರಗಳು, ದರಪಟ್ಟಿಗಳು ಇದ್ದರೆ ಆ ಅಕ್ಷರಶೈಲಿಯ ಕಡತಗಳನ್ನು ಮೊದಲೇ ನಕಲು ಮಾಡಿಟ್ಟುಕೊಳ್ಳಬೇಕು. ಅವು ಯೂನಿಕೋಡ್ ಅಲ್ಲವಾದ್ದರಿಂದ ಹೊಸ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತವೆ.

ಯಂತ್ರೋಪಕರಣಗಳ ಬದಿಯ ಗಣಕಯಂತ್ರ

ಸಣ್ಣ ತಯಾರಕರ ಸಮಸ್ಯೆ ಇನ್ನೂ ಬೇರೆ. ಸಿ.ಎನ್.ಸಿ. ಯಂತ್ರಕ್ಕೆ ಕಾರ್ಯಕ್ರಮ ಕಳುಹಿಸುವ, ಕಸೂತಿ ಯಂತ್ರದ ವಿನ್ಯಾಸ ರಚಿಸುವ, ವೇಬ್ರಿಜ್‌ನ ತೂಕವನ್ನು ದಾಖಲಿಸುವ ಗಣಕಯಂತ್ರಗಳಲ್ಲಿ ಇಂದಿಗೂ ಎಕ್ಸ್‌ಪಿ ನಡೆಯುತ್ತಿರುವುದು ಅಪರೂಪವಲ್ಲ. ಆ ತಂತ್ರಾಂಶಗಳು ಹಳೆಯ ಆವೃತ್ತಿಗೆಂದೇ ಬರೆದವು. ಅವುಗಳ ಪರವಾನಗಿ ಕೆಲವೊಮ್ಮೆ ಸಮಾನಾಂತರ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಎಂಬ ಚಿಕ್ಕ ಬಿಲ್ಲೆಯಲ್ಲಿರುತ್ತದೆ. ಹೊಸ ಯಂತ್ರಗಳಲ್ಲಿ ಆ ಪೋರ್ಟೇ ಇಲ್ಲ.

ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಅಂದಿನಿಂದ ಅದರ ಭದ್ರತೆಯ ಲೋಪಗಳಿಗೆ ನಿಯತವಾದ ತೇಪೆ ಸಿಗುತ್ತಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿದಾಗ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ವಿಶೇಷವಾಗಿ ಪರಿಹಾರ ಕೊಟ್ಟಿತಾದರೂ ಅದು ಅಪವಾದ. ಇಂತಹ ಯಂತ್ರಗಳನ್ನು ಅಂತರಜಾಲದಿಂದಲೂ ಕಚೇರಿಯ ಜಾಲದಿಂದಲೂ ದೂರವಿಟ್ಟು ನಡೆಸುವುದು ಕ್ಷೇಮ.

ಅವುಗಳನ್ನು ಹೊಸದಾಗಿ ಸ್ಥಾಪಿಸುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರುವಾಗಲೇ ಇಡೀ ಹಾರ್ಡ್ ಡಿಸ್ಕಿನ ಪಡಿಯಚ್ಚನ್ನು ಮತ್ತೊಂದು ಡಿಸ್ಕಿಗೆ ತೆಗೆದಿಟ್ಟರೆ, ಮೂಲ ಡಿಸ್ಕ್ ಕೆಟ್ಟ ದಿನ ಕೀಲಿ, ಚಾಲಕ, ಹೊಂದಾಣಿಕೆ ಯಾವುದನ್ನೂ ಹುಡುಕುವ ಅಗತ್ಯವಿರುವುದಿಲ್ಲ. ಡಿಸ್ಕ್ ಬದಲಿಸಿ ಅರ್ಧ ದಿನದಲ್ಲಿ ಉತ್ಪಾದನೆಯನ್ನು ಮುಂದುವರಿಸಬಹುದು. ಕೃತಿಸ್ವಾಮ್ಯ ಕಾಯ್ದೆ, 1957ರ 52ನೇ ಕಲಮು, ನ್ಯಾಯವಾಗಿ ತಂತ್ರಾಂಶ ಹೊಂದಿರುವವರು ನಷ್ಟ ಅಥವಾ ಹಾನಿಯ ವಿರುದ್ಧ ರಕ್ಷಣೆಗಾಗಿ ಮೀಸಲು ಪ್ರತಿ ಮಾಡಿಕೊಳ್ಳುವುದಕ್ಕೆ ಅವಕಾಶ ಕೊಟ್ಟಿದೆ. ಡಾಂಗಲ್‌ಗೆ ಮಾತ್ರ ಪ್ರತಿ ಇಲ್ಲ. ಅದನ್ನು ಒಡವೆಯಂತೆ ಕಾಪಾಡಬೇಕು.

ಅಗ್ಗದ ಕೀಲಿಯ ನಿಜವಾದ ಬೆಲೆ

ಅಂತರಜಾಲದಲ್ಲಿ ಕೆಲವೇ ನೂರು ರೂಪಾಯಿಗೆ ಕೀಲಿ ಮಾರುವ ಜಾಹೀರಾತುಗಳು ಬಹಳ. ಇವುಗಳಲ್ಲಿ ಯಾವುದೋ ಸಂಸ್ಥೆಯ ಸಗಟು ಒಪ್ಪಂದದಿಂದ ಸೋರಿಬಂದ ಕೀಲಿಗಳೂ ಇರುತ್ತವೆ, ಗುಜರಿ ಸೇರಿದ ಯಂತ್ರಗಳ ಒ.ಇ.ಎಂ. ಕೀಲಿಗಳೂ ಇರುತ್ತವೆ. ಅವು ಇಂದು ಸಕ್ರಿಯವಾಗಬಹುದು; ಕೀಲಿಯನ್ನು ಸಂಸ್ಥೆ ತಡೆಹಿಡಿದ ದಿನ ನಿಷ್ಕ್ರಿಯವಾಗುತ್ತವೆ. ಕೀಲಿ ಕೆಲಸ ಮಾಡಿತು ಎಂಬುದು ಪರವಾನಗಿ ಇದೆ ಎಂಬುದಕ್ಕೆ ಸಾಕ್ಷ್ಯವಲ್ಲ. ಸರಿಯಾದ ತೆರಿಗೆ ಬಿಲ್ಲು ಇಲ್ಲದ ಖರೀದಿಗೆ ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆಯೂ ದೊರೆಯದು.

ಇನ್ನು ಆ್ಯಕ್ಟಿವೇಶನ್ ಮುರಿಯುವ ಪುಕ್ಕಟೆ ತಂತ್ರಾಂಶಗಳ ಅಪಾಯ ಮತ್ತೂ ಹೆಚ್ಚು. ಅವುಗಳನ್ನು ನಡೆಸಲು ಮೊದಲು ವೈರಸ್ ತಡೆಯನ್ನು ನಿಲ್ಲಿಸಬೇಕೆಂದು ಸೂಚನೆ ಇರುತ್ತದೆ. ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದ ಕಾವಲನ್ನು ತೆಗೆದು, ಅಪರಿಚಿತರ ತಂತ್ರಾಂಶಕ್ಕೆ ಪೂರ್ಣ ಅಧಿಕಾರ ಕೊಡುವುದೆಂದರೆ ಗಲ್ಲಾಪೆಟ್ಟಿಗೆಯನ್ನು ದಾರಿಹೋಕನ ಕೈಗೆ ಕೊಟ್ಟಂತೆ.

ಕಾನೂನಿನ ಪರಿಣಾಮವೂ ಲಘುವಲ್ಲ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳಪ್ರತಿಯೆಂದು ತಿಳಿದೂ ತಂತ್ರಾಂಶ ಬಳಸುವವರಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರ ವ್ಯವಹಾರದ ಸಂದರ್ಭದಲ್ಲಿ ಬಳಸದಿದ್ದಾಗ ಮಾತ್ರ ಸೆರೆವಾಸವಿಲ್ಲದೆ ಬಿಡುವ ವಿವೇಚನೆ ನ್ಯಾಯಾಲಯಕ್ಕಿದೆ. ಅಂಗಡಿ ಮತ್ತು ಕಾರ್ಖಾನೆಯ ಬಳಕೆ ಈ ವಿನಾಯಿತಿಯೊಳಗೆ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ದುರಸ್ತಿಯವರು ಹಾಕಿಕೊಟ್ಟರು ಎಂಬ ಸಮಜಾಯಿಷಿಯನ್ನು ಕೊಡುವ ಪ್ರಮೇಯ ಬಾರದಂತೆ, ಯಾವ ಕೀಲಿ ಹಾಕಿದರು ಎಂಬುದನ್ನು ದುರಸ್ತಿಯ ಬಿಲ್ಲಿನಲ್ಲೇ ಬರೆಸಿಕೊಳ್ಳುವುದು ಲೇಸು.

2025ರ ಅಕ್ಟೋಬರ್ ನಂತರದ ದಾರಿಗಳು

ವಿಂಡೋಸ್ 11 ನಡೆಯಲು ಟಿ.ಪಿ.ಎಂ. 2.0 ಭದ್ರತಾ ಘಟಕ, 4 ಜಿ.ಬಿ. ಸ್ಮೃತಿ, 64 ಜಿ.ಬಿ. ಸಂಗ್ರಹ ಮತ್ತು ಅಂಗೀಕೃತ ಸಂಸ್ಕಾರಕ ಬೇಕು. ಇಂಟೆಲ್ ಸಂಸ್ಕಾರಕಗಳಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಮತ್ತು ನಂತರದವು ಮಾತ್ರ ಆ ಪಟ್ಟಿಯಲ್ಲಿವೆ. ಅರ್ಹ ಯಂತ್ರದಲ್ಲಿ ಸಕ್ರಿಯವಾದ ವಿಂಡೋಸ್ 10 ಇದ್ದರೆ ಹೊಸ ಪರವಾನಗಿ ಕೊಳ್ಳದೆ ಮೇಲ್ದರ್ಜೆಗೇರಿಸಬಹುದು.

ಅರ್ಹತೆ ಇಲ್ಲದ ಯಂತ್ರಗಳಿಗೆ ವಿಸ್ತರಿತ ಭದ್ರತಾ ಪರಿಷ್ಕರಣೆಯ ಯೋಜನೆಯೊಂದನ್ನು ಪ್ರಕಟಿಸಲಾಯಿತು. ವೈಯಕ್ತಿಕ ಬಳಕೆದಾರರಿಗೆ ಇದರ ಅವಧಿ 2026ರ ಅಕ್ಟೋಬರ್ 13ರವರೆಗೆ. ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್ ಎಂದು ನಿಗದಿಯಾಗಿ, ಗರಿಷ್ಠ 3 ವರ್ಷಗಳ ಈ ಯೋಜನೆಯಲ್ಲಿ ದರವು ವರ್ಷವರ್ಷವೂ ಇಮ್ಮಡಿಯಾಗುವಂತೆ ರೂಪಿಸಲಾಯಿತು. ಮೂರು ವರ್ಷಗಳ ಒಟ್ಟು ಮೊತ್ತ 427 ಡಾಲರ್. ಹಳೆಯ ಯಂತ್ರವೊಂದಕ್ಕೆ ಇಷ್ಟು ವ್ಯಯಿಸುವುದಕ್ಕಿಂತ ಪರವಾನಗಿ ಸಹಿತವಾದ ಹೊಸ ಯಂತ್ರವನ್ನು ಕೊಳ್ಳುವುದು ಮೇಲೆಂದು ಲೆಕ್ಕ ಹಾಕಿದವರಿಗೆ ತಿಳಿಯದಿರದು.

ಪತ್ರವ್ಯವಹಾರ, ಅಂತರಜಾಲ, ದರಪಟ್ಟಿ ಇವಿಷ್ಟಕ್ಕೇ ಬಳಕೆಯಾಗುವ ಯಂತ್ರಗಳಿಗೆ ಉಬುಂಟು, ಲಿನಕ್ಸ್ ಮಿಂಟ್‌ನಂತಹ ಮುಕ್ತ ತಂತ್ರಾಂಶಗಳು ಯೋಗ್ಯ. ಅವುಗಳಿಗೆ ಕೀಲಿಯೂ ಇಲ್ಲ, ಆ್ಯಕ್ಟಿವೇಶನ್ನೂ ಇಲ್ಲ. ವಿಂಡೋಸ್‌ಗೆಂದೇ ಬರೆದ ಲೆಕ್ಕಪತ್ರ ತಂತ್ರಾಂಶ, ಹಳೆಯ ಮುದ್ರಕ, ಟೋಕನ್ ಇರುವ ಯಂತ್ರಕ್ಕೆ ಮಾತ್ರ ಪರೀಕ್ಷಿಸದೆ ಅವನ್ನು ಹಾಕಬಾರದು.

ಫಾರ್ಮ್ಯಾಟ್‌ಗೆ ಮುನ್ನ

ಯಂತ್ರವನ್ನು ದುರಸ್ತಿಯವರ ಕೈಗೆ ಕೊಡುವ ಮೊದಲು ಈ ಕೆಳಗಿನ ಕೆಲಸಗಳನ್ನು ಪೂರೈಸಿಕೊಳ್ಳುವುದು ಒಳಿತು.

1. ಸ್ಟಿಕರಿನ ಕೀಲಿ, ವಿಂಡೋಸ್ ಆವೃತ್ತಿ, ಪರವಾನಗಿಯ ಬಗೆ, ಈಗಿನ ಕೀಲಿಯ ಕೊನೆಯ 5 ಅಕ್ಷರಗಳು ಇವನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುವುದು.

2. ಲೆಕ್ಕಪತ್ರ ತಂತ್ರಾಂಶದ ದತ್ತಾಂಶವನ್ನು ಎರಡು ಬೇರೆ ಬೇರೆ ಸ್ಥಳಗಳಿಗೆ ನಕಲು ಮಾಡಿ, ಇನ್ನೊಂದು ಯಂತ್ರದಲ್ಲಿ ತೆರೆದು ನೋಡುವುದು. ಆನಂತರ ಅದರ ಪರವಾನಗಿಯನ್ನು ಒಪ್ಪಿಸುವುದು.

3. ಡಿಜಿಟಲ್ ಪರವಾನಗಿಯನ್ನು ಸಂಸ್ಥೆಯ ಹೆಸರಿನ ಖಾತೆಗೆ ಜೋಡಿಸುವುದು. ಗುಪ್ತಪದವನ್ನು ಮಾಲೀಕರೇ ಇಟ್ಟುಕೊಳ್ಳುವುದು.

4. ಮುದ್ರಕ, ಟೋಕನ್, ಬಾರ್‌ಕೋಡ್ ಯಂತ್ರಗಳ ಚಾಲಕ ತಂತ್ರಾಂಶಗಳನ್ನೂ ಹಳೆಯ ಕನ್ನಡ ಅಕ್ಷರಶೈಲಿಗಳನ್ನೂ ಪೆನ್ ಡ್ರೈವ್‌ಗೆ ತೆಗೆದಿಡುವುದು.

5. ಸ್ಥಾಪನೆ ಮುಗಿದ ಮೇಲೆ ಯಂತ್ರ ಸಕ್ರಿಯವಾಗಿದೆಯೇ, ಸ್ವಂತ ಕೀಲಿಯಿಂದಲೇ ಆಗಿದೆಯೇ ಎಂದು ಪರೀಕ್ಷಿಸಿ, ಆನಂತರವೇ ಹಣ ಪಾವತಿಸುವುದು.

6. ಎಲ್ಲವೂ ಸರಿಯಾದ ಮೇಲೆ ಇಡೀ ಡಿಸ್ಕಿನ ಪಡಿಯಚ್ಚು ತೆಗೆದಿಡುವುದು.

ಉಪಯೋಗಿಸಿದ ಯಂತ್ರವನ್ನು ಕೊಳ್ಳುವವರು ಸ್ಟಿಕರ್ ಅಥವಾ ಮದರ್‌ಬೋರ್ಡಿನೊಳಗಿನ ಕೀಲಿ ಇದೆಯೇ ಎಂಬುದನ್ನೂ ಬಿಲ್ಲನ್ನೂ ಖರೀದಿಯ ದಿನವೇ ನೋಡಿಕೊಳ್ಳಬೇಕು. ಯಂತ್ರವನ್ನು ಮಾರುವವರು ಪರವಾನಗಿಯ ದಾಖಲೆಯನ್ನು ಕೊಳ್ಳುವವರಿಗೆ ಒಪ್ಪಿಸಿ, ತಮ್ಮ ಪುಸ್ತಕದಲ್ಲಿ ಆ ಸಾಲನ್ನು ಹೊಡೆದುಹಾಕಬೇಕು.

ತಂತ್ರಾಂಶದ ಪರವಾನಗಿ ಕಣ್ಣಿಗೆ ಕಾಣದ ಆಸ್ತಿ. ಅದರ ಬಿಲ್ಲು, ಪ್ರಮಾಣಪತ್ರ ಮತ್ತು ಕೀಲಿಗಳಿಗೆ ಒಂದು ಪ್ರತ್ಯೇಕ ಕಡತವನ್ನು ತೆರೆಯಲು ತಗಲುವುದು ಒಂದು ಮಧ್ಯಾಹ್ನದ ಸಮಯ. ಆಸ್ತಿಪಟ್ಟಿಯಲ್ಲಿ ಯಂತ್ರೋಪಕರಣಗಳ ಸಾಲಿನ ಕೆಳಗೆ ಅದಕ್ಕೂ ಒಂದು ಸಾಲು ಮೀಸಲಿಟ್ಟು, ವರ್ಷಕ್ಕೊಮ್ಮೆ ದಾಸ್ತಾನು ಎಣಿಸುವ ದಿನ ಅದನ್ನೂ ತಾಳೆ ನೋಡುವ ರೂಢಿ ಬೆಳೆದರೆ, ಹಾರ್ಡ್ ಡಿಸ್ಕ್ ಕೆಟ್ಟ ದಿನ ವ್ಯಾಪಾರ ನಿಲ್ಲಬೇಕಾದ ಪ್ರಸಂಗ ಬಾರದು.